ಜಪಾನ್ ಸರ್ಕಾರದ ವಿದ್ಯಾರ್ಥಿವೇತನ: ಅರ್ಜಿಯಿಂದ ಮೊದಲ ರಜೆಯವರೆಗೆ

ಜಪಾನಿಗೆ ಓದಲು ಹೋಗಬೇಕೆಂದಿರುವವರು ಮೊದಲು ಕೇಳುವುದು ‘ಎಷ್ಟು ಪರ್ಸೆಂಟ್ ಇರಬೇಕು?’ ಎಂದು. ಅಂಕ ಮುಖ್ಯವೇ, ಆದರೆ ಒಳ್ಳೆಯ ಅಂಕ ಇಟ್ಟುಕೊಂಡೂ ಪ್ರತಿ ವರ್ಷ ಹಲವರು ಅರ್ಧ ದಾರಿಯಲ್ಲಿ ನಿಲ್ಲುತ್ತಾರೆ. ಕಾರಣ ಹೆಚ್ಚಾಗಿ ಕಾಗದಪತ್ರ. ಒಂದು ಕಾಗದ ಸಿಗಬೇಕಾದರೆ ಅದರ ಹಿಂದಿನದು ಕೈಯಲ್ಲಿರಬೇಕು. ಹಿಂದಿನದು ಸಿಗಲು ಅದಕ್ಕೂ ಹಿಂದಿನದು. ಯಾವುದು ಯಾವ ತಿಂಗಳಲ್ಲಿ ಬೇಕು ಎಂಬ ಲೆಕ್ಕ ಸರಿಯಾಗಿದ್ದರೆ ಅರ್ಧ ಕೆಲಸ ಮುಗಿದಂತೆ. ಈ ಲೇಖನ ಆ ಲೆಕ್ಕದ ಬಗ್ಗೆ.

ಇಲ್ಲಿ ಹೇಳುತ್ತಿರುವುದು ಜಪಾನಿನ ಶಿಕ್ಷಣ ಸಚಿವಾಲಯ ಕೊಡುವ, ‘ಮೆಕ್ಸ್ಟ್’ ಎಂದು ಎಲ್ಲರೂ ಕರೆಯುವ ವಿದ್ಯಾರ್ಥಿವೇತನದ ವಿಷಯ. 1954ರಿಂದ ನಡೆದುಬಂದಿದೆ. ಬೋಧನಾ ಶುಲ್ಕ ಇಲ್ಲ, ಹೋಗಿಬರುವ ವಿಮಾನದ ಟಿಕೆಟ್ ಸಿಗುತ್ತದೆ, ತಿಂಗಳಿಗೆ ಕೈಗೆ ಹಣ ಬರುತ್ತದೆ: ಪದವಿ ಓದುವವರಿಗೆ 1,17,000 ಯೆನ್, ಸಂಶೋಧನಾ ವಿದ್ಯಾರ್ಥಿಗೆ (ಸ್ನಾತಕೋತ್ತರ ಅಥವಾ ಪಿಎಚ್‌ಡಿಗೆ ಸೇರುವ ಮೊದಲಿನ ಹಂತದವರಿಗೆ) 1,43,000, ಸ್ನಾತಕೋತ್ತರಕ್ಕೆ 1,44,000, ಪಿಎಚ್‌ಡಿಗೆ 1,45,000. ಕೆಲವು ನಗರಗಳಲ್ಲಿ ಇದರ ಮೇಲೆ ಎರಡು-ಮೂರು ಸಾವಿರ ಯೆನ್ ಸೇರುತ್ತದೆ. ಮೊತ್ತವನ್ನು ಅಲ್ಲಿನ ಬಜೆಟ್ ತೀರ್ಮಾನಿಸುವುದರಿಂದ ಆಯಾ ವರ್ಷದ ಸೂಚನಾಪತ್ರ ನೋಡಿಕೊಳ್ಳಬೇಕು. ನಮ್ಮ ಲೆಕ್ಕದಲ್ಲಿ ಸಂಶೋಧನಾ ವಿದ್ಯಾರ್ಥಿಗೆ ಎಂಬತ್ತು ಸಾವಿರ ರೂಪಾಯಿಯ ಆಸುಪಾಸು. ಸಣ್ಣ ಊರಿನಲ್ಲಿ ಇಷ್ಟರಲ್ಲಿ ಒಬ್ಬರು ನೆಮ್ಮದಿಯಾಗಿರಬಹುದು; ಟೋಕಿಯೊದಲ್ಲಿ ಬಾಡಿಗೆ ಮನೆ ಹಿಡಿದರೆ ಕೈ ಬಿಗಿ ಹಿಡಿಯಬೇಕು.

ಪಿಯುಸಿ ಮುಗಿಸಿದವರಿಗೂ ಪದವಿ ಓದಲು ಅವಕಾಶವಿದೆ. ಅವರಿಗೆ ಗಣಿತ, ವಿಜ್ಞಾನ ವಿಷಯಗಳ ಪರೀಕ್ಷೆ ಇರುತ್ತದೆ, ಆಯ್ಕೆಯಾದರೆ ಮೊದಲ ಒಂದು ವರ್ಷ ಮುಖ್ಯವಾಗಿ ಜಪಾನೀ ಭಾಷೆ ಕಲಿಯಬೇಕು. ಕರ್ನಾಟಕದಿಂದ ಹೆಚ್ಚು ಜನ ವಿಚಾರಿಸುವುದು ಪದವಿಯ ನಂತರದ ‘ಸಂಶೋಧನಾ ವಿದ್ಯಾರ್ಥಿ’ ವಿಭಾಗದ ಬಗ್ಗೆ. ಹಾಗಾಗಿ ಮುಂದಿನದೆಲ್ಲ ಅದನ್ನೇ ಹಿಡಿದು ಹೇಳುತ್ತೇನೆ.

ಎರಡು ಬಾಗಿಲು

ಅರ್ಜಿ ಹಾಕಲು ಎರಡು ದಾರಿಗಳಿವೆ. ಒಂದು, ರಾಯಭಾರ ಕಚೇರಿಯ ಶಿಫಾರಸು. ಕರ್ನಾಟಕದವರಿಗೆ ಬೆಂಗಳೂರಿನಲ್ಲಿಯೇ ಜಪಾನಿನ ಕಾನ್ಸುಲೇಟ್ ಜನರಲ್ ಕಚೇರಿ ಇರುವುದರಿಂದ ದೆಹಲಿ, ಚೆನ್ನೈ ಎಂದು ಅಲೆಯಬೇಕಿಲ್ಲ. ಸಾಮಾನ್ಯವಾಗಿ ಏಪ್ರಿಲ್ ಹೊತ್ತಿಗೆ ಪ್ರಕಟಣೆ, ಮೇ ತಿಂಗಳಲ್ಲಿ ಕೊನೆಯ ದಿನ, ಬಳಿಕ ಬರವಣಿಗೆ ಪರೀಕ್ಷೆ ಮತ್ತು ಸಂದರ್ಶನ, ಆಗಸ್ಟ್ ಕೊನೆಯೊಳಗೆ ವಿಶ್ವವಿದ್ಯಾಲಯದ ಒಪ್ಪಿಗೆಗೆ ಕೋರಿಕೆ, ಮುಂದಿನ ವರ್ಷದ ಆರಂಭದಲ್ಲಿ ಅಂತಿಮ ಫಲಿತಾಂಶ, ಏಪ್ರಿಲ್‌ನಲ್ಲೋ ಸೆಪ್ಟೆಂಬರ್-ಅಕ್ಟೋಬರ್‌ನಲ್ಲೋ ಪ್ರಯಾಣ. ಎಂದರೆ ಅರ್ಜಿ ಹಾಕಿದ ದಿನದಿಂದ ವಿಮಾನ ಹತ್ತುವವರೆಗೆ ಹತ್ತಿರಹತ್ತಿರ ಒಂದು ವರ್ಷ, ಇಲ್ಲವೇ ಒಂದೂವರೆ ವರ್ಷ.

ಇನ್ನೊಂದು, ವಿಶ್ವವಿದ್ಯಾಲಯದ ಶಿಫಾರಸು. ಇಲ್ಲಿ ನಿಮ್ಮನ್ನು ಮೊದಲು ಒಪ್ಪಬೇಕಾದವರು ಅಲ್ಲಿನ ಪ್ರಾಧ್ಯಾಪಕರು. ಅವರ ವಿಶ್ವವಿದ್ಯಾಲಯವೇ ನಿಮ್ಮ ಹೆಸರನ್ನು ಸಚಿವಾಲಯಕ್ಕೆ ಕಳಿಸುತ್ತದೆ. ಅರ್ಜಿಯ ಕಾಲ ಒಂದೊಂದು ಕಡೆ ಒಂದೊಂದು, ಹೆಚ್ಚಾಗಿ ಚಳಿಗಾಲದ ಹೊತ್ತು. ಇದಕ್ಕೆ ಅಂಕದ ಗಡಿಯೂ ಇದೆ: ಮೂರಕ್ಕೆ 2.30. ನಮ್ಮ ಶೇಕಡಾವಾರನ್ನು ಈ ಅಳತೆಗೆ ಇಳಿಸುವ ಕೋಷ್ಟಕ ಸೂಚನಾಪತ್ರದಲ್ಲೇ ಇರುತ್ತದೆ.

ಮೊದಲ ದಾರಿ ತಪ್ಪಿದವರು ಎರಡನೆಯದನ್ನು ಹಿಡಿಯಬಹುದು. ಆದರೆ ಒಂದೇ ಪ್ರವೇಶಕ್ಕೆ ಎರಡೂ ಕಡೆಯಿಂದ ಏಕಕಾಲಕ್ಕೆ ಅರ್ಜಿ ಹಾಕಬೇಡಿ. ನಿಯಮ ಅದನ್ನು ಒಪ್ಪುವುದಿಲ್ಲ.

ವಯಸ್ಸಿನ ಮಿತಿ 35 ವರ್ಷದ ಒಳಗೆ. ಇನ್ನೊಂದು ಮಿತಿ ಬಿ.ಎ., ಬಿ.ಎಸ್ಸಿ., ಬಿ.ಕಾಂ. ಓದಿದವರನ್ನು ಕಾಡುತ್ತದೆ. ಜಪಾನಿನಲ್ಲಿ ಸ್ನಾತಕೋತ್ತರಕ್ಕೆ ಸೇರಲು 16 ವರ್ಷಗಳ ಶಿಕ್ಷಣ ಬೇಕು. ನಮ್ಮ ಹತ್ತು, ಎರಡು, ಮೂರು ಸೇರಿದರೆ 15. ಮೂರು ವರ್ಷದ ಪದವಿಯವರಿಗೆ ಬಾಗಿಲು ಪೂರ್ತಿ ಮುಚ್ಚಿಲ್ಲ. ವಿಶ್ವವಿದ್ಯಾಲಯವು ಪ್ರತ್ಯೇಕವಾಗಿ ಅರ್ಹತೆ ಪರಿಶೀಲಿಸಿ ಒಪ್ಪಬಹುದು. ಆದರೆ ಆ ಪರಿಶೀಲನೆಗೆ ಬೇರೆಯೇ ಅರ್ಜಿ, ಬೇರೆಯೇ ದಿನಾಂಕ. ನೀವು ಆಯ್ದುಕೊಂಡ ವಿಭಾಗಕ್ಕೆ ಮೊದಲೇ ಬರೆದು ಕೇಳಿಕೊಳ್ಳಿ. ಬಿ.ಇ. ಮಾಡಿದವರಿಗೂ ಎಂ.ಎಸ್ಸಿ. ಮುಗಿಸಿದವರಿಗೂ ಈ ತಲೆನೋವಿಲ್ಲ.

ಹೆಸರು ಸರಿಪಡಿಸಿಕೊಳ್ಳಿ

ಇದನ್ನು ಎರಡನೆಯ ಹೆಜ್ಜೆಯಾಗಿ ಇಟ್ಟದ್ದು ಬೇಕೆಂದೇ. ನಮ್ಮ ಕಡೆಯ ಹೆಸರುಗಳು ಜಪಾನಿನ ಅರ್ಜಿಗಳ ಮನೆಗಳಿಗೆ ಹೊಂದುವುದಿಲ್ಲ.

ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಕೆ ಆರ್’ ಎಂದಿರುತ್ತದೆ ಎಂದುಕೊಳ್ಳಿ. ಪದವಿ ಪ್ರಮಾಣಪತ್ರದಲ್ಲಿ ‘ಕೆ ಆರ್ ಮಂಜುನಾಥ್’. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಬರೆಯಿರಿ ಎಂದರು, ‘ಮಂಜುನಾಥ ಕರಡಿಗುಡ್ಡ ರಂಗಪ್ಪ’ ಎಂದಾಯಿತು. ನಮ್ಮ ತಾಲ್ಲೂಕು ಕಚೇರಿಯಲ್ಲಿ ಈ ಮೂವರೂ ಒಬ್ಬರೇ ಎಂದು ಒಪ್ಪಿಸಲು ಎರಡು ಮಾತು ಸಾಕು. ಒಸಾಕಾದ ವಿಶ್ವವಿದ್ಯಾಲಯದ ಗುಮಾಸ್ತನಿಗೆ ಅವರು ಮೂರು ಬೇರೆಬೇರೆ ಮನುಷ್ಯರು. ಇನ್ನು ಕೆಲವರ ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿನ ಜಾಗವೇ ಖಾಲಿ.

ಹೀಗೆ ಮಾಡಿ. ಪಾಸ್‌ಪೋರ್ಟಿನಲ್ಲಿ ಇರುವ ಹೆಸರನ್ನೇ ಮೂಲವೆಂದು ಹಿಡಿಯಿರಿ. ಅರ್ಜಿ, ಸಂಶೋಧನಾ ಯೋಜನೆ, ಶಿಫಾರಸು ಪತ್ರ, ವೈದ್ಯಕೀಯ ಪ್ರಮಾಣಪತ್ರ, ಎಲ್ಲದರಲ್ಲೂ ಅದೇ ಅಕ್ಷರಗಳು, ಅದೇ ಕ್ರಮ. ಶಿಫಾರಸು ಬರೆಯುವ ಮೇಷ್ಟರು ಪ್ರೀತಿಯಿಂದ ‘ಮಂಜು’ ಎಂದು ಬರೆದರೂ ತಿದ್ದಿಸಿ. ಹಳೆಯ ಅಂಕಪಟ್ಟಿಗಳಲ್ಲಿ ಬೇರೆ ರೀತಿ ಇದ್ದರೆ, ಇವೆಲ್ಲ ಒಬ್ಬರದೇ ಹೆಸರು ಎಂದು ನೋಟರಿಯ ಮುಂದೆ ಇಂಗ್ಲಿಷ್‌ನಲ್ಲಿ ಪ್ರಮಾಣಪತ್ರ ಮಾಡಿಸಿ, ಕಾಲೇಜಿನಿಂದಲೂ ಒಂದು ಪತ್ರ ತೆಗೆದುಕೊಂಡು ಜೊತೆಗಿಡಿ. ಪಾಸ್‌ಪೋರ್ಟ್ ಇನ್ನೂ ಮಾಡಿಸಿಲ್ಲದಿದ್ದರೆ ನೀವು ಅದೃಷ್ಟವಂತರು: ಅಂಕಪಟ್ಟಿಯ ಹೆಸರಿಗೆ ಆದಷ್ಟು ಹತ್ತಿರವಾಗಿ ಮಾಡಿಸಿ, ಮನೆತನದ ಹೆಸರಿನ ಜಾಗ ಖಾಲಿ ಬಿಡಬೇಡಿ. ಆ ಜಾಗದಲ್ಲಿ ಏನು ಬರೆಯುತ್ತೀರೋ ಅಲ್ಲಿ ಎಲ್ಲರೂ ನಿಮ್ಮನ್ನು ಕರೆಯುವುದು ಅದರಿಂದಲೇ. ಊರಿನ ಹೆಸರು ಹಾಕಿಸಿದವರನ್ನು ಎರಡು ವರ್ಷ ‘ಕರಡಿಗುಡ್ಡ ಸಾನ್’ (‘ಸಾನ್’ ಎಂದರೆ ನಮ್ಮ ‘ಅವರೇ’ ಇದ್ದಂತೆ) ಎಂದೇ ಕೂಗುತ್ತಾರೆ, ಬ್ಯಾಂಕಿನಲ್ಲೂ ಆಸ್ಪತ್ರೆಯಲ್ಲೂ.

ಇದರ ಜೊತೆಗೇ ಹೆಸರನ್ನು ಕಟಕಾನ ಲಿಪಿಯಲ್ಲಿ ಹೇಗೆ ಬರೆಯಬೇಕು ಎಂದೂ ಒಮ್ಮೆಗೇ ತೀರ್ಮಾನಿಸಿಬಿಡಿ. ಆ ಲಿಪಿಯಲ್ಲಿ ‘ಲ’ಕ್ಕೂ ‘ರ’ಕ್ಕೂ ಒಂದೇ ಅಕ್ಷರ, ‘ಥ’ ಇಲ್ಲವೇ ಇಲ್ಲ. ಒಂದೇ ಹೆಸರನ್ನು ನಾಲ್ಕು ಬಗೆಯಲ್ಲಿ ಬರೆಯಬಹುದು. ಬ್ಯಾಂಕಿನಲ್ಲಿ ಒಂದು, ವಿಶ್ವವಿದ್ಯಾಲಯದಲ್ಲಿ ಇನ್ನೊಂದು ಎಂದಾದರೆ ಹಣ ಖಾತೆಗೆ ಬೀಳದೆ ವಾಪಸು ಹೋಗುತ್ತದೆ.

ಉಳಿದ ಕಾಗದಗಳು

ಎಲ್ಲ ವರ್ಷಗಳ ಅಂಕಗಳ ಅಧಿಕೃತ ದಾಖಲೆಯಾದ ಟ್ರಾನ್‌ಸ್ಕ್ರಿಪ್ಟಿಗೆ ಫೆಬ್ರುವರಿಯಲ್ಲೇ ಅರ್ಜಿ ಹಾಕಿ. ವಿಟಿಯು ಬೆಳಗಾವಿಯಲ್ಲಿರಲಿ, ಕರ್ನಾಟಕ ವಿಶ್ವವಿದ್ಯಾಲಯ ಧಾರವಾಡದಲ್ಲಿರಲಿ, ಏಪ್ರಿಲ್‌ನಲ್ಲಿ ಪ್ರಕಟಣೆ ನೋಡಿ ಓಡಿದರೆ ಮೇ ತಿಂಗಳ ಗಡುವಿಗೆ ಕೈಗೆ ಬರುತ್ತದೆ ಎಂದು ನಂಬುವಂತಿಲ್ಲ. ಅಂಕ ನೀಡುವ ಪದ್ಧತಿಯನ್ನು ವಿವರಿಸುವ ಹಾಳೆ ಟ್ರಾನ್‌ಸ್ಕ್ರಿಪ್ಟಿನ ಹಿಂಬದಿಯಲ್ಲಿ ಇದೆಯೇ ನೋಡಿ, ಇಲ್ಲದಿದ್ದರೆ ಬೇರೆಯಾಗಿ ಪಡೆಯಿರಿ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ್ದಾರೆ ಎಂಬ ಪತ್ರವನ್ನೂ ಅದೇ ಓಡಾಟದಲ್ಲಿ ಮಾಡಿಸಿಕೊಳ್ಳಿ. ಅದನ್ನು ಕೇಳುವ ವಿಶ್ವವಿದ್ಯಾಲಯಗಳಿವೆ.

ವೈದ್ಯಕೀಯ ಪ್ರಮಾಣಪತ್ರಕ್ಕೆ ಸಚಿವಾಲಯದ್ದೇ ನಮೂನೆ ಇದೆ. ಎದೆಯ ಎಕ್ಸ್‌ರೇ ಬೇಕು, ವೈದ್ಯರ ಸಹಿ ಮತ್ತು ಆಸ್ಪತ್ರೆಯ ಮೊಹರು ಬೇಕು, ಒಂದು ಮನೆಯೂ ಖಾಲಿ ಇರಬಾರದು. ತುಂಬಿದ ಅರ್ಜಿಗಳನ್ನು ಗಂಟೆಗೆ ಐವತ್ತರಂತೆ ನೋಡುವ ವೈದ್ಯರು ‘ಅನ್ವಯಿಸುವುದಿಲ್ಲ’ ಎಂಬಲ್ಲಿ ಗೆರೆ ಎಳೆದು ಬಿಡುತ್ತಾರೆ. ಅವರ ಎದುರೇ ಕೂತು ಒಂದೊಂದಾಗಿ ಓದಿ ಹೇಳಿ ಬರೆಸಿಕೊಳ್ಳಿ.

ಸಂಶೋಧನಾ ಯೋಜನೆ

ಇಡೀ ಅರ್ಜಿಯಲ್ಲಿ ಹೆಚ್ಚು ಹೊತ್ತು ಕೊಡಬೇಕಾದದ್ದು ಇದಕ್ಕೆ. ಹೆಚ್ಚಿನವರು ಕಡಿಮೆ ಹೊತ್ತು ಕೊಡುವುದೂ ಇದಕ್ಕೇ. ಕಾನ್ಸುಲೇಟಿನ ಸಂದರ್ಶನದಲ್ಲಿ ಇದರ ಮೇಲೆಯೇ ಪ್ರಶ್ನೆ, ಪ್ರಾಧ್ಯಾಪಕರು ನಿಮ್ಮನ್ನು ಒಪ್ಪುವುದೂ ಬಿಡುವುದೂ ಇದನ್ನೇ ನೋಡಿ.

ಒಂದು ಉದಾಹರಣೆ. ‘ಜಪಾನಿನ ನೀರು ಶುದ್ಧೀಕರಣ ತಂತ್ರಜ್ಞಾನ ಜಗತ್ತಿನಲ್ಲೇ ಶ್ರೇಷ್ಠ. ಅದನ್ನು ಕಲಿತು ನನ್ನ ದೇಶಕ್ಕೆ ತರುವುದು ನನ್ನ ಕನಸು.’ ಇದರಲ್ಲಿ ಯೋಜನೆ ಎಲ್ಲಿದೆ? ಹೊಗಳಿಕೆ ಇದೆ, ಕನಸು ಇದೆ. ಅದನ್ನೇ ಹೀಗೆ ಬರೆದರೆ: ‘ಪಾವಗಡದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯಾದ ಲೀಟರಿಗೆ 1.5 ಮಿಲಿಗ್ರಾಂ ಮೀರುತ್ತದೆ. ಫ್ಲೋರೈಡನ್ನು ಹೀರಿಕೊಳ್ಳುವ ವಸ್ತುಗಳು ಪ್ರಯೋಗಾಲಯದ ಶುದ್ಧ ನೀರಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ, ಬೈಕಾರ್ಬನೇಟ್ ಹೆಚ್ಚಿರುವ ನಮ್ಮ ಅಂತರ್ಜಲದಲ್ಲಿ ಸೋಲುತ್ತವೆ. ಈ ಸೋಲಿನ ಕಾರಣವನ್ನು ವಸ್ತುವಿನ ಮೇಲ್ಮೈಯ ಮಟ್ಟದಲ್ಲಿ ಅಳೆಯುವುದು ನನ್ನ ಉದ್ದೇಶ. ಮೊದಲ ಆರು ತಿಂಗಳು ಇಂಥ ವಸ್ತುಗಳ ತಯಾರಿ, ಮುಂದಿನ ಆರು ತಿಂಗಳು ಇಂಥ ಉಪಕರಣದಲ್ಲಿ ಅಳತೆ.’ ಈಗ ಓದುವವರಿಗೆ ಕೇಳಲು ಪ್ರಶ್ನೆಗಳಿವೆ. ನಿಮ್ಮ ಊರಿನ ಸಮಸ್ಯೆ ನಿಮ್ಮ ಬಲ; ಟೋಕಿಯೊದಲ್ಲಿ ಕೂತವನಿಗೆ ಪಾವಗಡದ ನೀರು ನಿಮ್ಮಷ್ಟು ಗೊತ್ತಿಲ್ಲ.

ಯೋಜನೆಯಲ್ಲಿ ‘ಜಪಾನಿನಲ್ಲೇ ಏಕೆ?’ ಎಂಬುದಕ್ಕೆ ಉತ್ತರ ಇರಲೇಬೇಕು. ಚೆರ್ರಿ ಹೂವು, ಶಿಸ್ತು, ಅನಿಮೆ ಉತ್ತರವಲ್ಲ. ಇಂಥ ಪ್ರಯೋಗಾಲಯದಲ್ಲಿ ಇಂಥ ಕೆಲಸ ನಡೆದಿದೆ, ಅದು ನನ್ನ ಪ್ರಶ್ನೆಗೆ ಬೇಕು ಎನ್ನುವುದು ಉತ್ತರ.

ಅಂಥ ಪ್ರಯೋಗಾಲಯ ಹುಡುಕುವುದು ಹೇಗೆ? ಜಪಾನಿನ ಸಂಶೋಧನಾ ಅನುದಾನಗಳ ‘ಕಾಕೆನ್’ ಎಂಬ ದತ್ತಾಂಶ ತಾಣವಿದೆ. ವಿಷಯದ ಹೆಸರು ಕೊಟ್ಟರೆ ಯಾವ ಪ್ರಾಧ್ಯಾಪಕರಿಗೆ ಯಾವ ವರ್ಷ ಯಾವ ಯೋಜನೆಗೆ ಹಣ ಬಂದಿದೆ ಎಂದು ತೋರಿಸುತ್ತದೆ. ವಿಶ್ವವಿದ್ಯಾಲಯದ ರ‍್ಯಾಂಕಿಂಗ್ ಪಟ್ಟಿಗಿಂತ ಇದು ನೂರು ಪಾಲು ಉಪಯುಕ್ತ ಎಂದು ನನ್ನ ಅಭಿಪ್ರಾಯ. ‘ರಿಸರ್ಚ್‌ಮ್ಯಾಪ್’ನಲ್ಲಿ ಅವರ ಇತ್ತೀಚಿನ ಪ್ರಬಂಧಗಳು ಸಿಗುತ್ತವೆ. ನಿವೃತ್ತಿಗೆ ಹತ್ತಿರವಿರುವವರೇ ಎಂದೂ ನೋಡಿಕೊಳ್ಳಿ. ನೀವು ಸೇರಿದ ವರ್ಷವೇ ಅವರು ಹೊರಟರೆ ನಿಮ್ಮ ಕೆಲಸ ಅತಂತ್ರವಾಗುತ್ತದೆ. ಎಲ್ಲರೂ ಟೋಕಿಯೊ, ಕ್ಯೋತೊ ಎನ್ನುತ್ತಾರೆ. ಸೆಂದಾಯ್‌ನ ತೊಹೊಕು, ಸಪ್ಪೊರೊದ ಹೊಕ್ಕಾಯ್ದೊ, ಫುಕುಒಕಾದ ಕ್ಯೂಶೂ ವಿಶ್ವವಿದ್ಯಾಲಯಗಳು ಇವಕ್ಕೇನೂ ಕಡಿಮೆಯಿಲ್ಲದ ಹಳೆಯ ರಾಷ್ಟ್ರೀಯ ವಿಶ್ವವಿದ್ಯಾಲಯಗಳು, ಬಾಡಿಗೆಯೂ ಕಡಿಮೆ.

ಪ್ರಾಧ್ಯಾಪಕರಿಗೆ ಬರೆಯುವ ಮಿಂಚಂಚೆ ಮೊಬೈಲ್ ಪರದೆಯಲ್ಲಿ ಒಂದೇ ನೋಟಕ್ಕೆ ಮುಗಿಯಬೇಕು. ಮನೆತನದ ಹೆಸರಾದ ಮೇಲೆ ‘ಸೆನ್ಸೇ’ (ಗುರುಗಳೇ) ಎಂದು ಸಂಬೋಧನೆ. ಮೊದಲ ಸಾಲಿನಲ್ಲಿ ನೀವು ಯಾರು, ಯಾವ ವಿದ್ಯಾರ್ಥಿವೇತನ, ಯಾವ ತಿಂಗಳಿಗೆ. ಎರಡನೆಯ ಪರಿಚ್ಛೇದದಲ್ಲಿ ಅವರ ಒಂದು ಪ್ರಬಂಧ ಮತ್ತು ಅದಕ್ಕೆ ತಾಗುವ ನಿಮ್ಮ ಪ್ರಶ್ನೆ. ಕೊನೆಗೆ ಒಂದೇ ವಿನಂತಿ. ಯೋಜನೆ ಮತ್ತು ಅಂಕಪಟ್ಟಿ ಪಿಡಿಎಫ್ ಆಗಿ ಜೊತೆಗೆ. ಒಂದೇ ವಿಭಾಗದ ಐದು ಜನರಿಗೆ ಒಂದೇ ಪತ್ರ ಕಳಿಸಬೇಡಿ. ಅವರು ಮಧ್ಯಾಹ್ನ ಒಟ್ಟಿಗೆ ಊಟ ಮಾಡುತ್ತಾರೆ. ಎರಡು ವಾರ ಉತ್ತರ ಬರದಿದ್ದರೆ ಒಮ್ಮೆ ವಿನಯದಿಂದ ನೆನಪಿಸಿ, ಅದಕ್ಕೂ ಬರದಿದ್ದರೆ ಮುಂದಿನವರನ್ನು ನೋಡಿ.

ಭಾಷೆ, ಪರೀಕ್ಷೆ, ಸಂದರ್ಶನ

ಬರವಣಿಗೆ ಪರೀಕ್ಷೆ ಇಂಗ್ಲಿಷ್ ಮತ್ತು ಜಪಾನೀ ಭಾಷೆಗಳದ್ದು. ಹಳೆಯ ಪ್ರಶ್ನೆಪತ್ರಿಕೆಗಳು ಜಪಾನ್ ಸರ್ಕಾರದ ವಿದ್ಯಾರ್ಥಿ ಮಾಹಿತಿ ತಾಣದಲ್ಲಿ ಉಚಿತವಾಗಿ ಸಿಗುತ್ತವೆ. ನಾಲ್ಕೈದು ವರ್ಷದ್ದನ್ನು ಗಡಿಯಾರ ಇಟ್ಟುಕೊಂಡು ಬಿಡಿಸಿ. ಇಂಗ್ಲಿಷಿನಲ್ಲಿ ನಡೆಯುವ ಕೋರ್ಸ್ ಸೇರುವವರಿಗೆ ಜಪಾನೀ ಬಾರದಿದ್ದರೂ ಆಯ್ಕೆಯಾಗುವ ಅವಕಾಶವಿದೆ. ಹಾಗೆಂದು ಕಲಿಯದೆ ಹೋಗಬೇಡಿ. ಪ್ರಯೋಗಾಲಯದಲ್ಲಿ ಇಂಗ್ಲಿಷ್ ನಡೆಯಬಹುದು. ಗ್ಯಾಸ್ ಸಂಪರ್ಕ ಕೊಡಲು ಬಂದವನ ಹತ್ತಿರ ನಡೆಯುವುದಿಲ್ಲ.

ಕಲಿಯುವಾಗ ಇಂಗ್ಲಿಷ್ ಮೂಲಕ ಹೋಗುವುದು ಸುತ್ತು ದಾರಿ. ಕನ್ನಡ ಬಲ್ಲವರಿಗೆ ಜಪಾನೀ ವಾಕ್ಯದ ಜೋಡಣೆ ಅಪರಿಚಿತವಲ್ಲ. ‘ನಾನು ಶಾಲೆಗೆ ಹೋಗುತ್ತೇನೆ’ ಎನ್ನುವುದು ‘ವಾತಾಶಿ ವಾ ಗಕ್ಕೋ ನಿ ಇಕಿಮಾಸು’: ಕರ್ತೃ, ಸ್ಥಳ, ಅದರ ಬೆನ್ನಿಗೆ ಪ್ರತ್ಯಯ, ಕೊನೆಗೆ ಕ್ರಿಯಾಪದ. ನಾವು ‘ತಿಂದು ನೋಡು’ ಎನ್ನುವಂತೆ ಅವರೂ ತಿನ್ನುವ ಕ್ರಿಯೆಗೆ ನೋಡುವ ಕ್ರಿಯೆ ಸೇರಿಸಿ ‘ತಬೆತೆ ಮಿರು’ ಎನ್ನುತ್ತಾರೆ. ಕನ್ನಡದಲ್ಲಿ ಯೋಚಿಸಿ ನೇರವಾಗಿ ಜಪಾನಿಗೆ ದಾಟಿ. ಕಷ್ಟವೆಲ್ಲ ಲಿಪಿಯಲ್ಲಿದೆ. ಹೊರಡುವ ಮೊದಲು ಹಿರಗಾನ, ಕಟಕಾನ ಎರಡೂ ತಡವರಿಸದೆ ಓದಲು ಬರಬೇಕು. ಚೀನೀ ಮೂಲದ ಅಕ್ಷರಗಳಾದ ಕಾಂಜಿ ನೂರಿನ್ನೂರು ಬಂದರೆ ಪುಣ್ಯ. ಜಪಾನೀ ಭಾಷೆಯ ಮಟ್ಟ ಅಳೆಯುವ ಜೆಎಲ್‌ಪಿಟಿ ಪರೀಕ್ಷೆ ಜುಲೈ ಮತ್ತು ಡಿಸೆಂಬರ್‌ನಲ್ಲಿ ನಡೆಯುತ್ತದೆ, ಬೆಂಗಳೂರಿನಲ್ಲಿ ಕೇಂದ್ರವಿದೆ. ಎನ್5 ಎಲ್ಲಕ್ಕಿಂತ ಸುಲಭದ್ದು, ಎನ್1 ಕಠಿಣದ್ದು. ಅರ್ಜಿ ಹಾಕುವ ಹಿಂದಿನ ಡಿಸೆಂಬರ್‌ನಲ್ಲಿ ಎನ್5 ಅಥವಾ ಎನ್4 ಮುಗಿಸಿದ್ದರೆ ಆಸಕ್ತಿಗೆ ಒಂದು ಸಾಕ್ಷಿ ಸಿಕ್ಕಂತಾಗುತ್ತದೆ.

ಸಂದರ್ಶನಕ್ಕೆ ಹೆಚ್ಚು ಹೇಳುವುದಿಲ್ಲ. ನಿಮ್ಮ ವಿಷಯ ಗೊತ್ತಿಲ್ಲದವರಿಗೆ ಎರಡು ನಿಮಿಷದಲ್ಲಿ ಯೋಜನೆ ವಿವರಿಸುವುದನ್ನು ಮನೆಯಲ್ಲಿ ಅಮ್ಮನ ಮುಂದೆ ಅಭ್ಯಾಸ ಮಾಡಿ. ಅವರಿಗೆ ಅರ್ಥವಾದರೆ ಯಾರಿಗಾದರೂ ಅರ್ಥವಾಗುತ್ತದೆ.

ಆಗಸ್ಟ್

ರಾಯಭಾರ ಕಚೇರಿಯ ದಾರಿಯಲ್ಲಿ ಅತ್ಯಂತ ಇಕ್ಕಟ್ಟಿನ ತಿರುವು ಇದು. ಮೊದಲ ಹಂತದಲ್ಲಿ ತೇರ್ಗಡೆಯಾದರೆ ಕಾನ್ಸುಲೇಟ್ ಒಂದು ಪ್ರಮಾಣಪತ್ರವನ್ನೂ ಮೊಹರು ಹಾಕಿದ ಅರ್ಜಿಯ ಪ್ರತಿಯನ್ನೂ ಕೊಡುತ್ತದೆ. ಅವನ್ನು ವಿಶ್ವವಿದ್ಯಾಲಯಗಳಿಗೆ ಕಳಿಸಿ, ‘ಈ ವಿದ್ಯಾರ್ಥಿಯನ್ನು ತೆಗೆದುಕೊಳ್ಳಲು ಸಿದ್ಧ’ ಎಂಬ ತಾತ್ಕಾಲಿಕ ಒಪ್ಪಿಗೆ ಪತ್ರವನ್ನು ನೀವೇ ತರಿಸಿಕೊಳ್ಳಬೇಕು. ಅದನ್ನು ಕೋರಲು ಕೊನೆಯ ದಿನ ಆಗಸ್ಟ್ ಅಂತ್ಯ. ಒಮ್ಮೆಗೆ ಎರಡಕ್ಕಿಂತ ಹೆಚ್ಚು ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುವಂತಿಲ್ಲ.

ಇಲ್ಲಿಯೇ ಒಂದು ತೊಡಕು. ಆಗಸ್ಟ್ ನಡುವಿನಲ್ಲಿ ಜಪಾನಿನಲ್ಲಿ ಓಬೋನ್. ಪಿತೃಗಳನ್ನು ನೆನೆಯುವ ದಿನಗಳು, ಜನ ಊರಿಗೆ ಹೋಗುತ್ತಾರೆ, ವಿಶ್ವವಿದ್ಯಾಲಯದ ಕಚೇರಿಗಳೂ ಬಾಗಿಲು ಹಾಕುತ್ತವೆ. ಬೇಸಿಗೆ ರಜೆಯೂ ಅದೇ ಹೊತ್ತು. ಹಾಗಾಗಿ ನಿಮ್ಮ ಕೈಯಲ್ಲಿರುವುದು ನಾಲ್ಕು ವಾರವಲ್ಲ, ಹೆಚ್ಚೆಂದರೆ ಎರಡೂವರೆ. ಜೊತೆಗೆ ಒಂದೊಂದು ವಿಶ್ವವಿದ್ಯಾಲಯಕ್ಕೆ ಒಂದೊಂದು ರೀತಿ: ಒಂದು ಕಡೆ ಪ್ರಾಧ್ಯಾಪಕರಿಗೆ ನೇರವಾಗಿ, ಇನ್ನೊಂದು ಕಡೆ ಅಂತರರಾಷ್ಟ್ರೀಯ ವಿಭಾಗದ ಮೂಲಕ ಮಾತ್ರ, ಮತ್ತೊಂದು ಕಡೆ ಆನ್‌ಲೈನ್ ಅರ್ಜಿ, ಅದರ ಕೊನೆಯ ದಿನ ಆಗಸ್ಟ್ ಹತ್ತಕ್ಕೇ ಮುಗಿದಿರಬಹುದು.

ಇದಕ್ಕೆ ಮದ್ದು ಮೇ-ಜೂನ್‌ನಲ್ಲಿದೆ. ಅರ್ಜಿ ಸಲ್ಲಿಸಿದ ಕೂಡಲೇ ಪ್ರಾಧ್ಯಾಪಕರ ಜೊತೆ ಪತ್ರ ವ್ಯವಹಾರ ಆರಂಭಿಸಿ. ‘ತೇರ್ಗಡೆಯಾದರೆ ಪರಿಶೀಲಿಸುತ್ತೇನೆ’ ಎಂಬ ಒಂದು ಸಾಲಿನ ಉತ್ತರ ಇದ್ದರೂ ಸಾಕು. ಮೂರು ವಿಶ್ವವಿದ್ಯಾಲಯಗಳ ಒಪ್ಪಿಗೆ ಪತ್ರದ ನಿಯಮ, ದಿನಾಂಕ, ವಿಳಾಸಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಫಲಿತಾಂಶ ಬಂದ ಸಂಜೆಯೇ ಕಳಿಸುವಂತಿರಬೇಕು.

ಕಾಯುವ ತಿಂಗಳುಗಳು

ಸೆಪ್ಟೆಂಬರ್‌ನಿಂದ ಫಲಿತಾಂಶದವರೆಗೆ ನಿಮ್ಮ ಕೈಯಲ್ಲಿ ಹೆಚ್ಚೇನೂ ಇಲ್ಲ. ಭಾಷೆ ಕಲಿಯಿರಿ. ಅಡುಗೆ ಕಲಿಯಿರಿ, ಇದು ತಮಾಷೆಯಲ್ಲ.

ಅಂತಿಮ ಆಯ್ಕೆಯಾದ ಮೇಲೆ ವೀಸಾ ವಿಷಯದಲ್ಲಿ ಕಾನ್ಸುಲೇಟ್ ಹೇಳಿದಂತೆ ನಡೆಯಿರಿ. ‘ವಿದ್ಯಾರ್ಥಿ’ ವೀಸಾ ಬಿಟ್ಟು ಬೇರೆ ಯಾವುದರಲ್ಲೂ ಹೋಗುವಂತಿಲ್ಲ. ಟಿಕೆಟನ್ನು ಸಚಿವಾಲಯವೇ ಮಾಡಿಸುತ್ತದೆ. ನಿಮಗೆ ಹತ್ತಿರದ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಿಂದ, ಸಾಮಾನ್ಯ ದರ್ಜೆ. ಕಲಬುರಗಿಯಿಂದ ಬೆಂಗಳೂರಿಗೆ ಬರುವ ಖರ್ಚು ನಿಮ್ಮದು.

ಹಣದ ಮಾತು. ಮೊದಲ ತಿಂಗಳ ಹಣ ಇಳಿದ ದಿನವೇ ಸಿಗುವುದಿಲ್ಲ. ಒಂದು ತಿಂಗಳೋ ಒಂದೂವರೆ ತಿಂಗಳೋ ಹಿಡಿಯಬಹುದು. ಸುಮಾರು 2,000 ಡಾಲರ್‌ನಷ್ಟು ಹಣ ತನ್ನಿ ಎಂದು ಸಚಿವಾಲಯವೇ ಸೂಚಿಸುತ್ತದೆ. ನಮ್ಮ ಲೆಕ್ಕದಲ್ಲಿ ಒಂದೂ ಮುಕ್ಕಾಲು ಲಕ್ಷ ರೂಪಾಯಿಯ ಹತ್ತಿರ. ‘ಪೂರ್ಣ ವಿದ್ಯಾರ್ಥಿವೇತನ’ ಎಂದು ನಂಬಿ ಬರಿಗೈಯಲ್ಲಿ ಹೊರಡುವವರ ಮನೆಯವರು ಕೊನೆಯ ವಾರದಲ್ಲಿ ಸಾಲಕ್ಕೆ ಓಡಾಡುವುದು ಇದರಿಂದಲೇ. ಸ್ವಲ್ಪ ಭಾಗ ಯೆನ್ ನೋಟು, ಉಳಿದದ್ದು ಫಾರೆಕ್ಸ್ ಕಾರ್ಡ್. ಸೆವೆನ್-ಇಲೆವೆನ್ ಅಂಗಡಿಗಳ ಎಟಿಎಂಗಳು ವಿದೇಶಿ ಕಾರ್ಡ್ ಒಪ್ಪುತ್ತವೆ, ಅವು ಹೆಚ್ಚುಕಡಿಮೆ ಎಲ್ಲ ಊರಲ್ಲೂ ಇವೆ.

ಪೆಟ್ಟಿಗೆಯಲ್ಲಿ ಏನು

ಮಿಕ್ಸಿಯಿಂದಲೇ ಆರಂಭಿಸೋಣ, ಏಕೆಂದರೆ ಅಮ್ಮಂದಿರು ಅಲ್ಲಿಂದಲೇ ಆರಂಭಿಸುತ್ತಾರೆ. ಜಪಾನಿನ ವಿದ್ಯುತ್ 100 ವೋಲ್ಟ್. ನಮ್ಮ 230 ವೋಲ್ಟಿನ ಮಿಕ್ಸಿ ಅಲ್ಲಿ ನರಳುತ್ತದೆಯೇ ಹೊರತು ಕಾಯಿ ರುಬ್ಬುವುದಿಲ್ಲ. ಅಮೆರಿಕಕ್ಕೆ ಹೋಗುವವರಿಗೆಂದು ಮಾರುವ 110 ವೋಲ್ಟಿನ ಮಿಕ್ಸಿ ತುಸು ನಿಧಾನವಾದರೂ ಕೆಲಸಕ್ಕೆ ಬರುತ್ತದೆ. ಇನ್ನೊಂದು ವಿಚಿತ್ರ: ಟೋಕಿಯೊ ಕಡೆ 50 ಹರ್ಟ್ಸ್, ಒಸಾಕಾ ಕಡೆ 60 ಹರ್ಟ್ಸ್, ಒಂದೇ ದೇಶದಲ್ಲಿ. ಲ್ಯಾಪ್‌ಟಾಪ್, ಮೊಬೈಲ್ ಚಾರ್ಜರ್‌ಗಳಿಗೆ ಇದರಿಂದ ತೊಂದರೆಯಿಲ್ಲ. ಎರಡು ಚಪ್ಪಟೆ ಕಡ್ಡಿಯ ಪ್ಲಗ್ ಅಡಾಪ್ಟರ್ ಎರಡು ಇಟ್ಟುಕೊಳ್ಳಿ. ಕುಕ್ಕರ್ ಒಯ್ಯುವುದಾದರೆ ಇಂಡಕ್ಷನ್ ತಳದ ಸ್ಟೀಲಿನದು. ಹಾಸ್ಟೆಲಿನ ಇಂಡಕ್ಷನ್ ಒಲೆಯ ಮೇಲೆ ಅಲ್ಯೂಮಿನಿಯಂ ಕುಕ್ಕರ್ ಬಿಸಿಯೇ ಆಗುವುದಿಲ್ಲ.

ಹಸಿ ಕರಿಬೇವು, ಹಣ್ಣು, ತರಕಾರಿ, ಬೀಜಗಳನ್ನು ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ಒಯ್ಯುವಂತಿಲ್ಲ. ಮಾಂಸ ಸೇರಿದ ಯಾವುದೂ ಬೇಡ, ಮಾಂಸದ ಉಪ್ಪಿನಕಾಯಿಯೂ ಸಹ. ಅಂಗಡಿಯ ಸೀಲ್ ಇರುವ ಸಾರಿನಪುಡಿ, ಚಟ್ನಿಪುಡಿ ಪ್ಯಾಕೆಟ್‌ಗಳು ಪೆಟ್ಟಿಗೆಯ ತೂಕಕ್ಕೆ ತಕ್ಕ ಬೆಲೆ ಕೊಡುತ್ತವೆ.

ಔಷಧದ ವಿಷಯದಲ್ಲಿ ಎಚ್ಚರ ಬೇಕು. ನಮ್ಮಲ್ಲಿ ಸಿಗುವ ಕೆಲವು ನೆಗಡಿ, ಕೆಮ್ಮಿನ ಮದ್ದುಗಳಲ್ಲಿರುವ ಸ್ಯೂಡೊಎಫೆಡ್ರಿನ್, ಕೋಡೀನ್‌ಗಳಿಗೆ ಜಪಾನಿನಲ್ಲಿ ಕಟ್ಟುನಿಟ್ಟಿನ ಮಿತಿಯಿದೆ. ವೈದ್ಯರು ಬರೆದುಕೊಟ್ಟ ಮಾತ್ರೆಗಳನ್ನು ಒಂದು ತಿಂಗಳಿಗಿಂತ ಹೆಚ್ಚು ಒಯ್ಯಬೇಕಾದರೆ ಮೊದಲೇ ಅಲ್ಲಿನ ಆರೋಗ್ಯ ಸಚಿವಾಲಯದಿಂದ ಆಮದು ದೃಢೀಕರಣ ಪಡೆಯಬೇಕು. ಥೈರಾಯ್ಡ್, ಆಸ್ತಮಾ ಇರುವವರು ಇದನ್ನು ಟಿಕೆಟ್ ಬಂದ ದಿನವೇ ಶುರುಮಾಡಿ.

ಚಳಿಯ ಕೋಟು ಅಲ್ಲಿಯೇ ಕೊಳ್ಳಿ. ಕನ್ನಡಕ ಇಲ್ಲಿಂದ ಎರಡು ಜೊತೆ ಮಾಡಿಸಿಕೊಂಡು ಹೋಗಿ. ದೊಡ್ಡ ಪಾದದವರು ಶೂ ಕೂಡ.

ಇಳಿದ ಮೇಲೆ

ನರಿತಾ, ಹನೆದಾ, ಕನ್ಸಾಯ್‌ನಂಥ ದೊಡ್ಡ ನಿಲ್ದಾಣಗಳಲ್ಲಿ ಪಾಸ್‌ಪೋರ್ಟ್ ತೋರಿಸಿದ ಕಡೆಯೇ ನಿವಾಸ ಕಾರ್ಡ್ ಕೊಡುತ್ತಾರೆ. ಅಲ್ಲೇ ಅರೆಕಾಲಿಕ ಕೆಲಸದ ಅನುಮತಿಗೂ ಅರ್ಜಿ ಕೊಡಿ. ಒಂದು ಹಾಳೆ, ಕಾರ್ಡಿನ ಹಿಂಬದಿಗೆ ಮೊಹರು. ಈಗ ಕೆಲಸ ಮಾಡುವ ಯೋಚನೆ ಇಲ್ಲದಿದ್ದರೂ ಹಾಕಿಸಿಕೊಳ್ಳಿ. ಆಮೇಲೆ ವಾರಕ್ಕೆ 28 ಗಂಟೆಯವರೆಗೆ ಕೆಲಸ ಮಾಡಬಹುದು.

ಮುಂದಿನದು ಕ್ರಮ ತಪ್ಪಿದರೆ ನಡೆಯದ ಸರಪಳಿ. ಮನೆ ಸೇರಿದ 14 ದಿನದೊಳಗೆ ನಗರ ಅಥವಾ ವಾರ್ಡ್ ಕಚೇರಿಗೆ ಹೋಗಿ ವಿಳಾಸ ನೋಂದಾಯಿಸಬೇಕು. ಒಳಗೆ ಹೋದೊಡನೆ ಯಂತ್ರದಿಂದ ಸಂಖ್ಯೆಯ ಚೀಟಿ, ಎತ್ತರದ ಮೇಜಿನ ಮೇಲೆ ಅರ್ಜಿ ನಮೂನೆಗಳು, ತುಂಬಿದ ಮಾದರಿ ಗೋಡೆಗೆ ಅಂಟಿಸಿರುತ್ತಾರೆ. ‘ತೆನ್ನ್ಯೂ ತೊದೊಕೆ’ ಎಂದರೆ ಸರಿಯಾದ ಹಾಳೆ ಕೈಗೆ ಬರುತ್ತದೆ. ವಿಳಾಸವನ್ನು ಜಪಾನೀ ಲಿಪಿಯಲ್ಲಿ ಬರೆದ ಚೀಟಿಯನ್ನು ಹಾಸ್ಟೆಲಿನಿಂದ ಮೊದಲೇ ಪಡೆದಿರಿ. ಕಾರ್ಡಿನ ಹಿಂದೆ ವಿಳಾಸ ಅಚ್ಚಾದ ಮೇಲೆ ಅದೇ ಕಟ್ಟಡದಲ್ಲಿ ಆರೋಗ್ಯ ವಿಮೆಯ ಕೌಂಟರ್. ವಿಮೆ ಇದ್ದರೆ ಆಸ್ಪತ್ರೆಯ ಬಿಲ್ಲಿನಲ್ಲಿ ಶೇ 30 ಮಾತ್ರ ನಿಮ್ಮದು. ಜಪಾನಿನಲ್ಲಿ ಹಿಂದಿನ ವರ್ಷ ಆದಾಯವಿರಲಿಲ್ಲ ಎಂದು ಹೇಳಿದರೆ ಕಂತು ಬಹಳ ಇಳಿಯುತ್ತದೆ. ಅದರ ಪಕ್ಕದಲ್ಲಿ ಪಿಂಚಣಿ: 20 ವರ್ಷ ತುಂಬಿದವರೆಲ್ಲ ಸೇರಲೇಬೇಕು, ತಿಂಗಳಿಗೆ 17,000 ಯೆನ್‌ಗೂ ಮೇಲೆ. ವಿದ್ಯಾರ್ಥಿಗಳಿಗೆ ಕಂತು ಮುಂದೂಡುವ ಸೌಲಭ್ಯವಿದೆ, ಆದರೆ ಕೇಳಿ ಅರ್ಜಿ ಹಾಕಿದವರಿಗೆ ಮಾತ್ರ. ಸುಮ್ಮನೆ ಬಂದರೆ ಮನೆಗೆ ಬಿಲ್ಲು ಬರುತ್ತದೆ.

ವಿಳಾಸವಿರುವ ಕಾರ್ಡಿನಿಂದ ಫೋನ್ ಸಂಖ್ಯೆ, ಫೋನ್ ಸಂಖ್ಯೆಯಿಂದ ಬ್ಯಾಂಕ್ ಖಾತೆ. ಬಂದು ಆರು ತಿಂಗಳಾಗದವರಿಗೆ ಹಲವು ಬ್ಯಾಂಕುಗಳು ಖಾತೆ ಕೊಡಲು ಹಿಂಜರಿಯುತ್ತವೆ. ಅಂಚೆ ಕಚೇರಿಯಲ್ಲಿರುವ ಯೂಚೊ ಬ್ಯಾಂಕ್ ವಿದ್ಯಾರ್ಥಿಗಳಿಗೆ ರೂಢಿಯ ಜಾಗ. ನೀವು ತೀರ್ಮಾನಿಸಿಟ್ಟ ಕಟಕಾನ ಹೆಸರು ಇಲ್ಲಿ ಕೆಲಸಕ್ಕೆ ಬರುತ್ತದೆ.

ವಸತಿಗೆ ಮೊದಲ ವರ್ಷ ವಿಶ್ವವಿದ್ಯಾಲಯದ ಹಾಸ್ಟೆಲ್ ಸಿಕ್ಕರೆ ಬಿಡಬೇಡಿ. ಹೊರಗಿನ ಮನೆಗೆ ಠೇವಣಿ, ಮಾಲೀಕರಿಗೆ ವಾಪಸು ಬಾರದ ‘ರೇಕಿನ್’, ಜಾಮೀನು ಸಂಸ್ಥೆಯ ಶುಲ್ಕ ಎಲ್ಲ ಸೇರಿ ಕಾಲಿಡುವ ಮೊದಲೇ ನಾಲ್ಕೈದು ತಿಂಗಳ ಬಾಡಿಗೆಯಷ್ಟು ತೆರಬೇಕಾಗುತ್ತದೆ.

ಸಸ್ಯಾಹಾರಿಗಳು ಗಮನಿಸಿ: ಮಾಂಸ ಕಾಣದ ತಟ್ಟೆಯಲ್ಲೂ ಮೀನಿನ ಸಾರ ಇರುತ್ತದೆ. ಮಿಸೊ ಸೂಪು, ನೂಡಲ್ಸ್ ಸಾರು, ಬೇಯಿಸಿದ ಕುಂಬಳಕಾಯಿ, ಎಲ್ಲದಕ್ಕೂ ‘ದಾಶಿ’ ಬೀಳುತ್ತದೆ. ‘ನಿಕು’ ಮಾಂಸ, ‘ಸಕಾನ’ ಮೀನು, ‘ಕತ್ಸುಓ’ ದಾಶಿಗೆ ಹಾಕುವ ಒಣಮೀನು. ಇವುಗಳ ಕಾಂಜಿ ರೂಪವನ್ನು ಮೊಬೈಲಿನಲ್ಲಿ ಇಟ್ಟುಕೊಂಡು ಪ್ಯಾಕೆಟ್ ತಿರುಗಿಸಿ ಓದಿ. ತೊಗರಿಬೇಳೆ, ಉದ್ದು, ಸಾಸಿವೆಗಳಿಗೆ ಟೋಕಿಯೊದ ನಿಶಿ-ಕಸಾಯ್, ಶಿನ್-ಓಕುಬೊ ಕಡೆ ಅಂಗಡಿಗಳಿವೆ, ಬೇರೆ ಊರಿನವರು ಆನ್‌ಲೈನ್‌ನಲ್ಲಿ ತರಿಸುತ್ತಾರೆ. ಅಂಟಂಟಾದ ಜಪಾನೀ ಅಕ್ಕಿ ಚಿತ್ರಾನ್ನಕ್ಕೆ ಆಗದು. ಮೊಸರನ್ನಕ್ಕೆ ಮಾತ್ರ ಸೋನಾ ಮಸೂರಿಗಿಂತ ಮೇಲು.

ಸಹಿ, ಪ್ರವೇಶ ಪರೀಕ್ಷೆ, ರಜೆ

ಪ್ರತಿ ತಿಂಗಳು ವಿಶ್ವವಿದ್ಯಾಲಯದ ಕಚೇರಿಯಲ್ಲಿ ಸಹಿ ಮಾಡಿದವರಿಗೆ ಮಾತ್ರ ಆ ತಿಂಗಳ ಹಣ. ಯಾವ ದಿನಾಂಕಗಳ ನಡುವೆ ಎಂದು ಮೊದಲ ವಾರವೇ ಕೇಳಿ ಮೊಬೈಲಿನಲ್ಲಿ ಗುರುತು ಹಾಕಿಕೊಳ್ಳಿ.

ಇನ್ನೂ ದೊಡ್ಡದು ಇದೆ. ಸಂಶೋಧನಾ ವಿದ್ಯಾರ್ಥಿಯಾಗಿ ಹೋದವರು ಯಾವ ಪದವಿಗೂ ಸೇರಿರುವುದಿಲ್ಲ. ಪ್ರವೇಶ ಪರೀಕ್ಷೆ ಬರೆದು ಸ್ನಾತಕೋತ್ತರ ಅಥವಾ ಪಿಎಚ್‌ಡಿಗೆ ಸೇರಬೇಕು, ಜೊತೆಗೆ ವಿದ್ಯಾರ್ಥಿವೇತನ ಮುಂದುವರಿಸಲು ಬೇರೆ ಅರ್ಜಿ ಹಾಕಬೇಕು. ಪರೀಕ್ಷೆಯಲ್ಲಿ ಹೋದರೆ ಅವಧಿ ಮುಗಿದಾಗ ಊರಿಗೆ. ಪರೀಕ್ಷೆ ಯಾವಾಗ, ಯಾವ ಭಾಷೆಯಲ್ಲಿ, ಹಳೆಯ ಪ್ರಶ್ನೆಪತ್ರಿಕೆ ಎಲ್ಲಿ ಸಿಗುತ್ತದೆ ಎಂದು ಪ್ರಾಧ್ಯಾಪಕರನ್ನು ಮೊದಲ ಭೇಟಿಯಲ್ಲೇ ಕೇಳಿ. ಬೇಗ ಎನ್ನಿಸಿದರೂ ಕೇಳಿ; ಕೆಲವು ಕಡೆ ನೀವು ಇಳಿದ ನಾಲ್ಕು ತಿಂಗಳಿಗೇ ಪರೀಕ್ಷೆ.

ಮೊದಲ ರಜೆಗೆ ಊರಿಗೆ ಬರುವಾಗ ಪ್ರಾಧ್ಯಾಪಕರಿಗೂ ಕಚೇರಿಗೂ ಮೊದಲೇ ತಿಳಿಸಿ. ಇಡೀ ತಿಂಗಳು ಹೊರಗಿದ್ದು ಸಹಿ ತಪ್ಪಿದರೆ ಆ ತಿಂಗಳ ಹಣವಿಲ್ಲ. ಹೊರಡುವ ನಿಲ್ದಾಣದಲ್ಲಿ ಒಂದು ಸಣ್ಣ ಚೀಟಿ ತುಂಬಿಸುತ್ತಾರೆ. ತಾತ್ಕಾಲಿಕವಾಗಿ ಹೋಗಿ ಮರಳುತ್ತೇನೆ ಎಂಬ ಚೌಕಕ್ಕೆ ಗುರುತು ಹಾಕಿ, ನಿವಾಸ ಕಾರ್ಡಿನ ಜೊತೆ ಅಧಿಕಾರಿಗೆ ತೋರಿಸಿ. ಆ ಗುರುತು ಇಲ್ಲದೆ ದಾಟಿದರೆ ನಿಮ್ಮ ನಿವಾಸದ ಹಕ್ಕು ಅಲ್ಲಿಗೇ ಮುಗಿಯುತ್ತದೆ, ಮತ್ತೆ ಬರಲು ಹೊಸ ವೀಸಾ ಬೇಕಾಗುತ್ತದೆ. ಗುರುತು ಹಾಕಿದ್ದರೆ ಒಂದು ವರ್ಷದೊಳಗೆ, ಕಾರ್ಡಿನ ಅವಧಿ ಅದಕ್ಕಿಂತ ಮೊದಲೇ ಮುಗಿಯುವುದಾದರೆ ಅದರೊಳಗೆ, ಮರಳಿ ಹೋಗಬಹುದು.